ಬಿಸಿಲಿಗಿಟ್ಟ ಶಾವಿಗೆ

ದೇವದುರ್ಗ ತಾಲ್ಲೂಕಿನ ಮಸರಕಲ್‌ನಿಂದ ನಾನು ಮತ್ತು ಗಂಡನ ಮನೆ ಬಿಟ್ಟು ಬಂದಿದ್ದ ನನ್ನ ತಂಗಿ ದುಡಿಯಲು ಹೋದದ್ದು ಹೊರರಾಜ್ಯದ ಒಂದು ದೊಡ್ಡ ಬಂದರಿಗೆ. ಐದನೆಯ ತರಗತಿಗೆ ಶಾಲೆ ಬಿಟ್ಟ ನನಗೆ ಅಲ್ಲಿ ಲಾರಿಗೆ ಕಲ್ಲಿದ್ದಲು ತುಂಬುವ ಕೆಲಸ ಸಿಕ್ಕಿತು. ಹಡಗಿನಿಂದ ಇಳಿಸಿದ ಕಲ್ಲಿದ್ದಲು ಗುಡ್ಡದಂತೆ ಬಿದ್ದಿರುತ್ತಿತ್ತು. ಅದರ ಕಾಂಪೌಂಡಿಗೆ ಹತ್ತಿಕೊಂಡೇ ನಮ್ಮ ಕಡೆಯವರ ತಗಡಿನ ಮನೆಗಳು. ಗಾಳಿ ಬಿಟ್ಟರೆ ಕರಿ ಪುಡಿ ಒಳಗೆ ಬೀಳುತ್ತಿತ್ತು. ತಂಗಿ ಒರೆಸಿದ ಹಂಚನ್ನೇ ಮತ್ತೆ ಒರೆಸಿ ರೊಟ್ಟಿ ಹಾಕುತ್ತಿದ್ದಳು.

ಅಲ್ಲಿನ ಮೀನುಗಾರರು ಈ ಧೂಳಿನ ಬಗ್ಗೆ ದೂರು ಕೊಟ್ಟರು. ಅಧಿಕಾರಿಗಳು ನೋಡಲು ಬರುವ ಮುಂಚೆ ಮೇಸ್ತ್ರಿ ನನ್ನನ್ನು ಕರೆದು, ಹೊರಗಿನವರು ಬಾಯಿ ಬಿಟ್ಟರೆ ಮೊದಲು ಕೀಳುವುದು ನಿಮ್ಮ ತಗಡುಗಳನ್ನೇ ಎಂದ.

ಅಧಿಕಾರಿಗಳು ಬಂದಾಗ ತಂಗಿ ಶಾವಿಗೆಯ ಮೊರ ತಂದು ಮುಂದಿಟ್ಟಳು. ಬೆಳಿಗ್ಗೆ ಬಿಸಿಲಿಗೆ ಹರವಿದ್ದು ಮಧ್ಯಾಹ್ನಕ್ಕೆ ಕಪ್ಪಾಗಿತ್ತು. ಅವಳ ಹಿಂದಿ ಅರ್ಧಂಬರ್ಧ, ಹಾಗಾಗಿ ಅವರು ನನ್ನನ್ನು ಕೇಳಿದರು. ಒಲೆಯ ಮಸಿ ಸಾಹೇಬರೇ, ಇವಳಿಗೆ ಮುಚ್ಚಿಡುವುದು ಗೊತ್ತಿಲ್ಲ ಎಂದುಬಿಟ್ಟೆ. ನಮ್ಮಲ್ಲಿ ಕಟ್ಟಿಗೆ ಒಲೆ ಇರಲೇ ಇಲ್ಲ. ಗ್ಯಾಸಿನ ಸಿಲಿಂಡರ್ ಹೊತ್ತು ತಂದವನು ನಾನೇ.

ಅವರು ಹೋದ ಮೇಲೆ ತಂಗಿ ಕೇಳಿದಳು: "ಯಣ್ಣಾ, ನನ್ನ ಒಲಿ ಮ್ಯಾಲೆ ಹಾಕಿದೇನು?"

"ಮನಿ ಉಳೀಲಿ ಅಂತ ಅಂದೆ ಬೇ."

"ಉಳೀತು ಬಿಡು," ಎಂದು ಮೊರ ಒಳಗೆ ಒಯ್ದಳು.

ಕೆಲವು ತಿಂಗಳಲ್ಲಿ ಮೀನುಗಾರರ ಓಣಿಯ ಕಡೆ ಧೂಳು ತಡೆಯುವ ಎತ್ತರದ ಪರದೆ ಕಟ್ಟಿದರು. ನಮ್ಮ ಕಡೆ ಕಟ್ಟಲಿಲ್ಲ.

ತಂಗಿಗೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬರತೊಡಗಿದಾಗ ಹಿಂದಿರುಗಿ ಬಂದೆವು. ಈಗ ಮಾನ್ವಿಯಲ್ಲಿದ್ದೇವೆ. ಮೊನ್ನೆ ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು ನೋಡಿ, "ಕಟ್ಟಿಗಿ ಒಲಿ ಹಚ್ಚತೀರೇನ್ರೀ?" ಎಂದು ಕೇಳಿದರು.

ಕೇಳಿದ್ದು ಕನ್ನಡದಲ್ಲೇ. ತಂಗಿಯೇ ಹೇಳಬಹುದಿತ್ತು. ಅವಳು ನನ್ನ ಮುಖ ನೋಡಿದಳು.

"ಇಲ್ರೀ," ಎಂದೆ. "ಬಂದರಿನ ಕಲ್ಲಿದ್ದಲ ಧೂಳ್ರೀ ಅದು."

ಡಾಕ್ಟರು ಚೀಟಿಯಲ್ಲಿ ಏನೋ ಬರೆದುಕೊಂಡರು. ಮಾನ್ವಿಯ ಬಸ್ಸು ಹತ್ತಿ ಕುಳಿತ ಮೇಲೆ, ತಂಗಿ ಕಿಟಕಿಯ ಸರಳು ಹಿಡಿದು ಉಸಿರು ಹತೋಟಿಗೆ ತಂದುಕೊಂಡಳು. ಆಮೇಲೆ, "ಇಲ್ಲಿ ಹೇಳಿದ್ರೆ ಅಲ್ಲಿ ಪರದೆ ಕಟ್ಟತಾರೇನಪಾ?" ಎಂದಳು.

ಆ ತಗಡಿನ ಮನೆಗಳಲ್ಲಿ ಈಗಲೂ ನಮ್ಮೂರಿನವರಿದ್ದಾರೆ. ನಾವಿದ್ದ ಮನೆಗೆ ನಮ್ಮ ತಾಲ್ಲೂಕಿನದೇ ಜಾಲಹಳ್ಳಿ ಕಡೆಯವರು ಬಂದಿದ್ದಾರಂತೆ, ಕೂಸು ಕಟ್ಟಿಕೊಂಡು.