ಹತ್ತಲೊಲ್ಲದ ಐವಿ

ಐವಿ ಬಳ್ಳಿ ಹಬ್ಬಿ ಹಿತ್ತಿಲ ಗೋಡೆ ಉರುಳಿದ ದಿನದಿಂದ ಮೇವಿಸ್ ಪೆಟಿಫರ್ ಬಾಯಲ್ಲಿ ಐವಿ ಅನ್ನುವುದೊಂದು ಬಯ್ಗುಳ. ಅವಳ ತಮ್ಮ ಹೊರೇಸ್, ಬಸ್ ಓಡಿಸಿ ನಿವೃತ್ತನಾದವನು, ಅರವತ್ತೆಂಟನೇ ವಯಸ್ಸಿನಲ್ಲಿ ಅದನ್ನೇ ಬೆಳೆಸಲು ಹೊರಟ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ.

ಪಕ್ಕದ ಮನೆ ನನ್ನದು. ಅವರ ಜಗಳವೆಲ್ಲ ಬೇಲಿ ದಾಟಿ ಬರುತ್ತಿತ್ತು.

"ಇದು ಗೋಡೆ ಹತ್ತೋ ಐವಿ ಅಲ್ಲ ಮೇವಿಸ್. ವಯಸ್ಸಾದ್ಮೇಲೆ ಐವಿ ಹತ್ತೋದು ಬಿಟ್ಟು ಹೂ ಬಿಡುತ್ತೆ. ಹೂ ಬಿಡೋ ಕೊಂಬೆ ತಂದು ನೆಟ್ರೆ ಪೊದೆಯಾಗೇ ಇರುತ್ತೆ."

"ನಿಂಗೂ ವಯಸ್ಸಾಯ್ತು. ಬುದ್ಧಿ ಬಂತಾ?"

ಬೇಸಿಗೆ ಮುಗಿಯುವ ಹೊತ್ತಿಗೆ ಅವನು ಏಣಿ ಹಾಕಿ ಚರ್ಚಿನ ಗೋಡೆಯ ನೆತ್ತಿಯಿಂದ ನಲವತ್ತು ಕಡ್ಡಿ ತಂದ. ಕೆಳಗಿನ ಎಲೆ ಕಿತ್ತು, ಮರಳು ಬೆರೆಸಿದ ಮಣ್ಣಿಗೆ ಚುಚ್ಚಿ, ಪ್ಲಾಸ್ಟಿಕ್ ಚೀಲ ಹೊದಿಸಿ ಬಚ್ಚಲ ಕಿಟಕಿಯಲ್ಲಿಟ್ಟ. ಮೂವತ್ತೊಂಬತ್ತು ಕೊಳೆತವು. ಒಂದು ಬೇರು ಬಿಟ್ಟಿತು. ಚಳಿಗೆ ಹೆದರುವ ಗಿಡವಲ್ಲ ಅದು. ಆದರೂ ಪ್ರತಿ ಚಳಿಗಾಲ ಕುಂಡವನ್ನು ಬಚ್ಚಲಿಗೆ ತರುತ್ತಿದ್ದ. ಮೇವಿಸ್ ಸ್ನಾನಕ್ಕೆ ಇಳಿಯುವ ಮುನ್ನ ಅದರ ಮೇಲೊಂದು ಟವೆಲ್ ಹೊದಿಸುತ್ತಿದ್ದಳು. ಅದು ನೋಡಬಾರದು ಅಂತ.

ಆರು ವರ್ಷಕ್ಕೆ ಗಿಡ ಮೊಣಕಾಲೆತ್ತರ ಬಂತು. ಬೇರು ಕುಂಡದ ತೂತಿನಿಂದ ಹೊರಗಿಣುಕಿತು, ನೆಲಕ್ಕಿಳಿಸದಿದ್ದರೆ ಸಾಯುತ್ತಿತ್ತು. ಮೇವಿಸ್ ಷರತ್ತು ಹಾಕಿದಳು.

"ಆಗಸ್ಟಿನ ಗಿಡಗಳ ಪ್ರದರ್ಶನದಲ್ಲಿ ಮೊದಲನೇ ಬಹುಮಾನ ಬಂದ್ರೆ ನೆಲಕ್ಕೆ. ಇಲ್ದಿದ್ರೆ ಬೆಂಕಿಗೆ."

ಅವಳ ಧೈರ್ಯಕ್ಕೆ ಕಾರಣವಿತ್ತು. ಹಿಂದೊಮ್ಮೆ ಬಳ್ಳಿಗಳ ವಿಭಾಗಕ್ಕೆ ಇಟ್ಟಾಗ, ಹತ್ತುವುದಿಲ್ಲವೆಂದು 'ನಿಯಮದಂತಿಲ್ಲ' ಚೀಟಿ ಬಿದ್ದಿತ್ತು. ಮರುವರ್ಷ ಪೊದೆಗಳ ವಿಭಾಗದಲ್ಲಿ, ಐವಿ ಬಳ್ಳಿಯಲ್ಲವೇ ಎಂದು ಅದೇ ಚೀಟಿ. ಪ್ರದರ್ಶನ ಸಮಿತಿಯ ಕಾರ್ಯದರ್ಶಿ ನಾನೇ. ಈ ಸಲ ಪಟ್ಟಿಯಲ್ಲಿ ಹೊಸ ವಿಭಾಗವನ್ನೇ ಬರೆದೆ: 'ಹತ್ತದ ಐವಿ, ಕುಂಡದಲ್ಲಿ, ಒಂದು.' ಬೇರೆ ಯಾರೂ ಇಡಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂದು ನಾನೂ ಹೊರೇಸನೂ ನೆಮ್ಮದಿಯಾಗಿದ್ದೆವು.

ಪಕ್ಕದೂರಿನ ತೀರ್ಪುಗಾರ ಥ್ರಸೆಲ್ ಭೂತಗನ್ನಡಿ ಹಿಡಿದು ಕಾಲು ಗಂಟೆ ನೋಡಿ ಮೂರನೇ ಬಹುಮಾನ ಕೊಟ್ಟ.

"ಇರೋದೇ ಒಂದು ಗಿಡ, ಸಾರ್," ಅಂದೆ.

"ಕಾಣಿಸ್ತು. ಹೂವೆಲ್ಲಿ?"

"ಅದು ಅಕ್ಟೋಬರಲ್ಲಿ ಹೂ ಬಿಡೋದು."

"ಪ್ರದರ್ಶನ ಆಗಸ್ಟಲ್ಲಿ. ಗಿಡಕ್ಕೆ ಅಷ್ಟೂ ಗೊತ್ತಾಗ್ಬಾರ್ದಾ?"

ಹೊರೇಸ್ ಅವನ ಕೈ ಕುಲುಕಿ "ಥ್ಯಾಂಕ್ಯೂ" ಅಂದ. ನೇಣು ಹಾಕುವವನಿಗೂ ಥ್ಯಾಂಕ್ಯೂ ಹೇಳುವ ಜನ ನಾವು. ಕುಂಡವನ್ನು ತಬ್ಬಿಕೊಂಡು ಮನೆಯ ಕಡೆ ಹೆಜ್ಜೆ ಹಾಕಿದ.

ಥ್ರಸೆಲ್ ಟೀ ಡೇರೆಗೆ ಹೋಗಿ ಕೂತ. ಅಲ್ಲಿ ಟೀ ಕೊಡುವವಳು ಮೇವಿಸ್.

"ನನ್ನ ತಮ್ಮ ಯಾರ ಹತ್ರ ಸೋತ?" ಕೇಳಿದಳು.

"ಯಾರ ಹತ್ರಾನೂ ಇಲ್ಲ ಮೇಡಂ."

"ಮತ್ತೆ ಮೂರನೇದು ಹೆಂಗ್ರೀ? ಆರು ವರ್ಷ! ಒಂದಿಂಚು ಹತ್ತಿಲ್ಲ ಅದು! ನನ್ನ ಬಚ್ಚಲಲ್ಲಿ ಬೆಳೆದ ಗಿಡ ಅದು, ಅದರ ನಡತೆ ನಂಗ್ಗೊತ್ತಾ ನಿಮ್ಗಾ?"

ಅಂದವಳೇ ಅವನ ಮುಂದಿದ್ದ ಕಪ್ಪನ್ನೆತ್ತಿ ಟೀಯನ್ನು ಹುಲ್ಲಿಗೆ ಸುರಿದಳು. ನಮ್ಮೂರಲ್ಲಿ ಅಂಥದ್ದು ಹಿಂದೆ ನಡೆದಿರಲಿಲ್ಲ. ಟೀಗೆ ನಿಂತಿದ್ದ ಇಬ್ಬರು ಹೆಂಗಸರು ದಂಗಾಗಿ ಕೂತೇಬಿಟ್ಟರು.

ಅಂದು ಸಂಜೆ ಹೊರೇಸ್ ಬೆಂಕಿಕಡ್ಡಿ ಹುಡುಕುತ್ತಿದ್ದರೆ, ಮೇವಿಸ್ ಹಿತ್ತಿಲಲ್ಲಿ ಗುದ್ದಲಿ ಹಿಡಿದಿದ್ದಳು. ಗುಂಡಿ ತೋಡಿದ್ದು ಹೊಸದಾಗಿ ಕಟ್ಟಿಸಿದ ಗೋಡೆಗೆ ಅಂಟಿಕೊಂಡೇ. ತಾನೇ ಗಿಡ ಇಳಿಸಿ ಮಣ್ಣು ತುಳಿದಳು.

ಅಕ್ಟೋಬರಿನಲ್ಲಿ ಅದು ಹೂ ಬಿಟ್ಟಿತು, ಜೇನ್ನೊಣಗಳು ಮುತ್ತಿದವು. ಗೋಡೆಯನ್ನು ಮುಟ್ಟಲೂ ಇಲ್ಲ. ಈಗ ಬೇಲಿ ದಾಟಿ ಬರುವುದು ಒಂದೇ ದನಿ, ಗಿಡದ ಜೊತೆ ಮಾತಾಡುವ ಮೇವಿಸಳದು:

"ಏನೇ, ಅಷ್ಟು ಜಂಬ? ನಮ್ಮ ಗೋಡೆ ನಿಂಗೆ ಸಾಲ್ದಾ?"