ಮಡಿಸಿದ ಗೂಬೆ

ಸೊರಬದ ಚಳಿಗೇ ಮಫ್ಲರ್ ಸುತ್ತಿ, ಮೇಲೊಂದು ಟೊಪ್ಪಿ ಹಾಕಿ, ಆದರೂ ನಡುಗುತ್ತ ಕಾಲೇಜಿಗೆ ಬರುತ್ತಿದ್ದ ವಿಘ್ನೇಶ್ವರ ಮೇಷ್ಟ್ರು ತರಗತಿಯೊಳಗೆ ಕಾಲಿಟ್ಟ ಕೂಡಲೇ ಉತ್ತರ ಧ್ರುವದ ಯಜಮಾನರಾಗಿಬಿಡುತ್ತಿದ್ದರು. ಮರವೇ ಬೆಳೆಯದ, ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುವ ಟಂಡ್ರಾ ಪ್ರದೇಶದಲ್ಲಿ ಯಾರು ಯಾರನ್ನು ತಿಂದು ಬದುಕುತ್ತಾರೆ ಎಂಬುದು ಅವರಿಗೆ ತಮ್ಮ ಓಣಿಯ ಸಮಾಚಾರಕ್ಕಿಂತ ಚೆನ್ನಾಗಿ ಗೊತ್ತಿತ್ತು. ಪ್ರಾಣಿಶಾಸ್ತ್ರದ ಪಠ್ಯದಲ್ಲಿ ಅದಕ್ಕಿದ್ದದ್ದು ಒಂದೂವರೆ ಪುಟ. ಮೇಷ್ಟ್ರು ಅದನ್ನು ತಿಂಗಳಿಡೀ ಎಳೆಯುತ್ತಿದ್ದರು.

ಅದಕ್ಕೆಂದೇ ತಾವೇ ಬಣ್ಣ ಹಚ್ಚಿ, ಹಿಂದೆ ಬಟ್ಟೆ ಅಂಟಿಸಿದ ದೊಡ್ಡ ಚಿತ್ರಪಟವೊಂದು ಅವರ ಬಳಿ ಇತ್ತು. ಕೆಳಗೆ ಪಾಚಿ, ಹುಲ್ಲು, ಕಲ್ಲುಹೂವು. ಅವನ್ನು ಮೇಯುವ ಹಿಮಸಾರಂಗ, ಇಲಿಯ ಜಾತಿಯ ಪುಟ್ಟ ಲೆಮ್ಮಿಂಗ್. ಅವನ್ನು ತಿನ್ನುವ ತೋಳ, ಹಿಮನರಿ. ಮೇಲಿನ ಮೂಲೆಯಲ್ಲಿ, ಕನ್ನಡಕವೊಂದಿಲ್ಲ ಎನ್ನುವುದನ್ನು ಬಿಟ್ಟರೆ ಥೇಟ್ ಮೇಷ್ಟ್ರ ಮುಖವೇ ಆದ ಬಿಳಿ ಹಿಮಗೂಬೆ. ಆಹಾರವಾಗುವವರಿಂದ ತಿನ್ನುವವರ ಕಡೆಗೆ ಕೆಂಪು ಬಾಣಗಳು.

ಹೋದ ಬೇಸಿಗೆಯಲ್ಲಿ ಪ್ರಿನ್ಸಿಪಾಲ್ ನಾಗರಾಜಪ್ಪ ಕರೆಸಿದರು. ಅವರು ಶಿಕಾರಿಪುರದ ಕಡೆಯವರು, ಮಾತು ನೆಟ್ಟಗೆ.

"ಏನ್ರೀ ವಿಘ್ನೇಶ್ವರ, ನಿಮ್ಮ ಸಬ್ಜೆಕ್ಟಿಗೆ ಈ ಸಲ ಒಬ್ರೂ ಅರ್ಜಿ ಹಾಕಿಲ್ಲಲ್ರೀ. ಟ್ರಸ್ಟಿನವ್ರು ಮುಚ್ಚಿಬಿಡ್ರಿ ಅಂತ ಕುಂತಾರ. ಒಂದಾದ್ರೂ ಅಡ್ಮಿಷನ್ ತೋರಿಸ್ರಿ, ಮುಂದ ನೋಡೋಣ."

"ನಾನಿದ್ದೀನಲ್ಲ ಸಾರ್."

"ನೀವಿರೋದು ಕಾಣ್ತೈತಿ. ಹುಡುಗ್ರು ಎಲ್ಲದಾರ?"

'ನಾನಿದ್ದೀನಲ್ಲ' ಎನ್ನುವುದು ಮೇಷ್ಟ್ರ ಖಾಯಂ ಮಾತು. ಪಕ್ಕದ ಮನೆಯ ಪಂಪು ಕೆಟ್ಟರೂ, ಯಾರದೋ ಮದುವೆಗೆ ಬಸ್ಸು ಸಿಗದಿದ್ದರೂ ಅದನ್ನೇ ಹೇಳಿ ಧೈರ್ಯ ತುಂಬುತ್ತಿದ್ದರು. ಅವರಿದ್ದ ಕಾರಣಕ್ಕೆ ಪಂಪು ನೀರೆತ್ತಿದ್ದನ್ನು ಮಾತ್ರ ಯಾರೂ ಕಂಡವರಿಲ್ಲ.

ಬೇಸಿಗೆಯಲ್ಲಿ ಮೇಷ್ಟ್ರುಗಳು ಮನೆಮನೆಗೆ ಹೋಗಿ ಮಕ್ಕಳನ್ನು ಕೇಳುವುದು ಈಗ ರೂಢಿಯಾಗಿದೆ. ಬೇರೆ ಕಾಲೇಜಿನವರು ವ್ಯಾನಿನಲ್ಲಿ ಬಂದು ಬ್ಯಾಗು, ನೀರಿನ ಬಾಟಲಿ ಕೊಟ್ಟು ಹೋಗುತ್ತಾರೆ. ನಮ್ಮ ಮೇಷ್ಟ್ರು ಚಿತ್ರಪಟ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಊರೂರು ತಿರುಗಿದರೂ ಮಜ್ಜಿಗೆ ಸಿಕ್ಕಿತೇ ಹೊರತು ಮಕ್ಕಳು ಸಿಗಲಿಲ್ಲ. ಕೊನೆಗೆ ಕುಪ್ಪಗಡ್ಡೆಯಲ್ಲಿ ಲೋಕಪ್ಪನ ಮನೆ. ಮಗಳು ರಜನಿ ಪಿಯುಸಿ ವಿಜ್ಞಾನ ಮುಗಿಸಿದ್ದಳು.

ಜಗುಲಿಯ ಮೇಲೆ ಚಿತ್ರಪಟ ಬಿಚ್ಚಿದ್ದೇ ತಡ, ಲೋಕಪ್ಪನ ಹೆಂಡತಿ ಯಮುನಮ್ಮ ಹಾರಿಬಿದ್ದಳು.

"ಅಯ್ಯೋ ಮೇಷ್ಟ್ರೆ, ಎಂತದಿದು! ಗೂಬೆ ಹೊತ್ಕಂಡು ಮನೆಗೆ ಬರೋದಾ? ಮಡಿಸಿ ಅದನ್ನ ಮೊದಲು!"

"ಇದು ಬಿಳಿ ಗೂಬೆ ಕಣಮ್ಮ, ಉತ್ತರ ಧ್ರುವದ್ದು..."

"ಬಿಳೀದೋ ಕರೀದೋ, ಗೂಬೆ ಗೂಬೆನೇ. ಮಡಿಸ್ತೀರೋ, ನಾನೇ ಮಡಿಸ್ಲೋ?"

ಮೇಷ್ಟ್ರು ಮೂಲೆ ಮಡಿಸಿದರು. ಯಮುನಮ್ಮ ಸಮಾಧಾನವಾಗಿ ಬಗ್ಗಿ ನೋಡಿದಳು. "ಕಲ್ಲುಹೂವಾ? ಅಲ್ಲೂ ಮಸಾಲೆಗೆ ಹಾಕ್ತಾರಾ?"

"ಸಾರಂಗ ಹಾಗೇ ತಿನ್ನುತ್ತೆ."

"ಪಾಪ," ಎಂದಳು ಯಮುನಮ್ಮ.

ರಜನಿ ಮಾತ್ರ ಬೇರೇನೋ ನೋಡುತ್ತಿದ್ದಳು. "ಸಾರ್, ಈ ಲೆಮ್ಮಿಂಗಿನ ಬಾಣ ಮಡಿಕೆಯೊಳಗೆ ಹೋಗಿಬಿಡ್ತಲ್ಲ. ಲೆಮ್ಮಿಂಗ್ ಕಮ್ಮಿ ಆದ್ರೆ ಒಳಗಿರೋದು ಏನು ಮಾಡ್ತದೆ?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಮೇಷ್ಟ್ರು ಮಡಿಕೆಯ ಮೇಲೆ ಕೈಯಿಟ್ಟರು. "ಕಾಲೇಜಿಗೆ ಬಾ, ಬಿಚ್ಚಿ ತೋರಿಸ್ತೀನಿ."

ಲೋಕಪ್ಪ ಕೆಮ್ಮಿದ. "ಶಿವಮೊಗ್ಗದಾಗೆ ನರ್ಸಿಂಗ್ ಸೀಟು ಸಿಗೋ ಹಂಗೆ ಉಂಟು ಸಾರ್. ಇವಳಿಗೆ ಇದರ ಹುಚ್ಚು. ನಿಮ್ಮ ಸಬ್ಜೆಕ್ಟು ಮುಚ್ಚಿಹೋಗ್ತದೆ ಅಂತಾರಲ್ಲ? ಮೂರು ವರ್ಷವೂ ಇರ್ತದಾ?"

ಇರುವುದಿಲ್ಲವೆಂಬ ಅನುಮಾನ ಮೇಷ್ಟ್ರಿಗೆ ಹೊಟ್ಟೆಯೊಳಗೇ ಇತ್ತು. ರಜನಿ ಅವರ ಮುಖವನ್ನೇ ನೋಡುತ್ತಿದ್ದಳು.

"ನಾನಿದ್ದೀನಲ್ಲ," ಎಂದರು.

ನರ್ಸಿಂಗ್ ಸೀಟು ಬೇರೆ ಯಾರಿಗೋ ಹೋಯಿತು. ರಜನಿ ಒಬ್ಬಳೇ ಪ್ರಾಣಿಶಾಸ್ತ್ರಕ್ಕೆ ಸೇರಿದಳು. ಮೇಷ್ಟ್ರು ಹಳೆಯ ಗತ್ತಿನಲ್ಲೇ "ಎಲ್ಲರೂ ಇತ್ತ ನೋಡಿ" ಎನ್ನುವರು. ಅವಳು ಹಿಂದಿನ ಖಾಲಿ ಬೆಂಚುಗಳನ್ನೊಮ್ಮೆ ತಿರುಗಿ ನೋಡಿ, ನಗು ತಡೆದು, ಎಲ್ಲರ ಪರವಾಗಿಯೂ ನೋಡುವಳು.

ಮಡಿಕೆ ಬಿಚ್ಚುವ ದಿನವೂ ಬಂತು. ಮೂರ್ನಾಲ್ಕು ವರ್ಷಕ್ಕೊಮ್ಮೆ ಲೆಮ್ಮಿಂಗ್‌ಗಳು ವಿಪರೀತ ಹೆಚ್ಚುತ್ತವೆ, ಆಮೇಲೆ ಒಮ್ಮೆಲೇ ಕುಸಿಯುತ್ತವೆ ಎಂದು ವಿವರಿಸಿದರು. ಆಗ ಹಿಮನರಿ ಹಕ್ಕಿಗಳ ಗೂಡಿಗೆ ನುಗ್ಗಿ ಮೊಟ್ಟೆ ಕದಿಯುತ್ತದೆ. ಹಿಮಗೂಬೆ ಆ ವರ್ಷ ಮೊಟ್ಟೆಯನ್ನೇ ಇಡದೆ, ಆಹಾರ ಹುಡುಕಿಕೊಂಡು ಎಲ್ಲೆಲ್ಲಿಗೋ ಹಾರುತ್ತದೆ, ಕೊನೆಯ ಲೆಮ್ಮಿಂಗ್...

ಮೇಷ್ಟ್ರು ಅಲ್ಲಿಗೇ ನಿಂತರು. ಚಿತ್ರಪಟ ಕಂಕುಳಲ್ಲಿಟ್ಟುಕೊಂಡು ಊರೂರು ಅಲೆದದ್ದು, ಕುಪ್ಪಗಡ್ಡೆಯ ಜಗುಲಿ, ತಮ್ಮ ಮುಖವನ್ನೇ ನೋಡುತ್ತಿದ್ದ ಹುಡುಗಿ, ಎಲ್ಲ ಕಣ್ಮುಂದೆ ಬಂದವು. ಆ ಬಾಣವನ್ನು ಅವರೇ ಕೆಂಪು ಬಣ್ಣದಲ್ಲಿ ಎಳೆದಿದ್ದರು, ತುದಿ ತಮ್ಮ ಕಡೆಗೆ.

"ಆಮೇಲೆ ಸಾರ್?"

"ನಾಳೆ ಹೇಳ್ತೀನಿ," ಎಂದರು.

ಆ ನಾಳೆ ಬರುವುದರೊಳಗೆ ಟ್ರಸ್ಟಿನ ಆದೇಶ ಬಂತು. ಒಬ್ಬ ವಿದ್ಯಾರ್ಥಿಗೆ ಒಂದು ವಿಭಾಗ ನಡೆಸಲಾಗದು. ಮೇಷ್ಟ್ರನ್ನು ಟ್ರಸ್ಟಿನದೇ ದೂರದ ಹೈಸ್ಕೂಲೊಂದಕ್ಕೆ ಹಾಕಿದ್ದರು. ರಜನಿಗೆ ಶಿಕಾರಿಪುರದಲ್ಲಿ ಮುಂದುವರಿಯಬಹುದೆಂಬ ಸಲಹೆ. ಮೇಷ್ಟ್ರು ಟ್ರಸ್ಟಿನವರ ಮುಂದೆ ಕೈಮುಗಿದದ್ದೂ ಆಯಿತು. ನಾಗರಾಜಪ್ಪ ಕಣ್ಣು ತಪ್ಪಿಸಿದರು. "ನನ್ನ ಕೈಯಾಗೂ ಏನೂ ಇಲ್ರೀ."

ಲೋಕಪ್ಪ ಬಂದ. ಜಗಳಕ್ಕೇ ಬಂದಿದ್ದರೆ ಎಷ್ಟೋ ವಾಸಿಯಿತ್ತು.

"ಸೊರಬ, ಶಿರಾಳಕೊಪ್ಪ, ಅಲ್ಲಿಂದ ಶಿಕಾರಿಪುರ. ಬಸ್ ಬದಲಿಸ್ಕಂತ ಹೋಗಿ ಬರೋದ್ರೊಳಗೆ ಕತ್ತಲಾಗ್ತದೆ. ಹಾಸ್ಟೆಲ್ಲು ನನ್ನ ಕೈಲಾಗೋ ಮಾತಲ್ಲ. ಸಾಕು ಬಿಡಿ ಸಾರ್, ಓದಿದ್ದು. ನೀವಿದ್ದೀರಿ ಅಂತ ಕಳಿಸಿದ್ದು."

ಮೇಷ್ಟ್ರು ಊರು ಬಿಡುವ ದಿನ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ರಜನಿ ಸಿಕ್ಕಿದಳು. ಟಿ.ಸಿ. ತೆಗೆದುಕೊಂಡು ಬಂದಿದ್ದಳು. ಮೇಷ್ಟ್ರು ಚಿತ್ರಪಟ ಚಾಚಿದರು. ಅವಳು ಅರ್ಧ ಬಿಚ್ಚಿ ನೋಡಿದಳು. ಮಡಿಸಿದ್ದ ಕಡೆ ಬಣ್ಣ ಬಿರಿದು ಗೂಬೆಯ ಮುಖದ ಮೇಲೆ ಗೆರೆ ಬಿದ್ದಿತ್ತು.

"ಬೇಡ ಸಾರ್. ಅಮ್ಮ ಒಳಗೆ ಬಿಡಲ್ಲ." ಜೋಪಾನವಾಗಿ ಸುತ್ತಿ ವಾಪಸು ಕೊಟ್ಟಳು. "ಅವತ್ತು ಅರ್ಧಕ್ಕೆ ಬಿಟ್ರಿ. ಗೂಬೆ ಹೋದ ಮೇಲೆ ಲೆಮ್ಮಿಂಗ್ ಮತ್ತೆ ಜಾಸ್ತಿ ಆಗ್ತಾವಾ?"

"ಆಗ್ತಾವೆ. ಮೂರ್ನಾಲ್ಕು ವರ್ಷದಲ್ಲಿ ನೆಲ ತುಂಬ್ತಾವೆ."

"ಅವೇನಾ ಸಾರ್?"

ಒಂದು ಲೆಮ್ಮಿಂಗ್ ಅಷ್ಟು ಕಾಲ ಬದುಕುವುದಿಲ್ಲ. ಮೇಷ್ಟ್ರು ಈ ಸಲ ಸುಳ್ಳು ಹೇಳಲಿಲ್ಲ.

"ಅಲ್ಲ. ಬೇರೆಯವು."

ರಜನಿ, ತರಗತಿಯಲ್ಲಿ ಉತ್ತರ ಸರಿಹೋದಾಗ ಮಾಡುತ್ತಿದ್ದಂತೆ, ತಲೆಯಾಡಿಸಿ ಕುಪ್ಪಗಡ್ಡೆಯ ಬಸ್ಸಿನ ಕಡೆ ನಡೆದಳು.

ಮೇಷ್ಟ್ರು ತಮ್ಮ ಬಸ್ಸು ಹತ್ತಿದರು. ಚಿತ್ರಪಟ ಮೇಲಿನ ಕಂಬಿಯಲ್ಲಿ ಹಿಡಿಸಲಿಲ್ಲ, ಮೊಣಕಾಲ ನಡುವೆ ನೆಟ್ಟಗೆ ನಿಲ್ಲಿಸಿಕೊಂಡು ಕೂತರು. ಟಿಕೆಟ್ ಹರಿಯುತ್ತ ಬಂದ ಕಂಡಕ್ಟರು ಅದನ್ನು ಬೆರಳಲ್ಲಿ ತಟ್ಟಿದ.

"ಇದೆಂತ ಸಾರ್, ಕ್ಯಾಲೆಂಡರಾ?"

"ಹೌದು," ಎಂದರು ಮೇಷ್ಟ್ರು. "ಹಳೇದು."