ಠಾಣೆಗೆ ಹೋಗಿಬಂದ ನಮ್ಮ ಬಂದೂಕು

ನಮ್ಮ ಮನೆಯಲ್ಲಿ ಬಂದೂಕು ಇತ್ತು ಎಂದರೆ ಈಗಿನ ಮೊಮ್ಮಕ್ಕಳು ನನ್ನನ್ನು ದರೋಡೆಕೋರರ ಸೊಸೆಯ ಹಾಗೆ ನೋಡುತ್ತವೆ. ಅದು ಮಾವನವರ ಕಾಲದ್ದು, ಸರಕಾರದ ಪರವಾನಿಗೆ ಇದ್ದದ್ದು. ಅಡವಿಗೆ ಹತ್ತಿದ ಹೊಲ ನಮ್ಮದು. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಕಾಡುಹಂದಿಗಳು ಹಿಂಡುಗಟ್ಟಿ ಬಂದು, ರಂಟೆ ಹೊಡೆದವರ ಹಾಗೆ ನೆಲ ಬಗೆದು ಹೋಗುತ್ತಿದ್ದವು. ಬೆಳೆ ಕಾಯಲಿಕ್ಕೆಂದೇ ಸರಕಾರ ಆ ಪರವಾನಿಗೆ ಕೊಟ್ಟಿತ್ತು.

ನಾವು ಲಿಂಗವಂತರು, ಮಾಂಸ ಮುಟ್ಟುವವರಲ್ಲ. ಹೀಗಾಗಿ ನಮ್ಮ ಬಂದೂಕೂ ಸಸ್ಯಾಹಾರಿಯೇ ಆಗಿತ್ತು. ನಮ್ಮ ಯಜಮಾನರು ಹೊಲದ ಅಟ್ಟಣಿಗೆಯ ಮೇಲೆ ಕುಳಿತು ಆಕಾಶಕ್ಕೆ ಒಂದು ಗುಂಡು ಹಾರಿಸಿದರೆ ಸಾಕು, ಹಂದಿಗಳು ಅಡವಿ ಸೇರುತ್ತಿದ್ದವು. ನಾನು ಹಂಸಭಾವಿಯಿಂದ ಮದುವೆಯಾಗಿ ಬಂದಾಗಿನಿಂದ ಅದು ಒಂದು ಇಲಿಯನ್ನಾದರೂ ಕೊಂದದ್ದು ನಾನು ಕಾಣೆ. ದೇವರ ಜಗಲಿಯ ಪಕ್ಕದ ಗೂಟಕ್ಕೆ ಅದನ್ನು ತೂಗುಹಾಕಿರುತ್ತಿದ್ದೆವು. ಸೋಮವಾರ ಪೂಜೆ ಮುಗಿದ ಮೇಲೆ ನಮ್ಮ ಅತ್ತೆ ಅದರ ಕಟ್ಟಿಗೆಯ ಹಿಡಿಕೆಗೆ ಮೂರು ಬೆರಳಿನ ವಿಭೂತಿ ಎಳೆಯುತ್ತಿದ್ದರು. ಅನ್ನ ಕಾಯುವ ವಸ್ತು, ಎತ್ತಿಗೆ ಹಚ್ಚಿದಂತೆ ಇದಕ್ಕೂ ಹಚ್ಚಬೇಕು ಎನ್ನುವುದು ಅವರ ಲೆಕ್ಕ.

ಹೀಗೆ ವಿಭೂತಿ ಹಚ್ಚಿಕೊಂಡು ಸುಮ್ಮನಿದ್ದ ಬಂದೂಕಿಗೆ ಠಾಣೆಯ ದಾರಿ ತೋರಿಸಿದವರು ಆ ವರ್ಷ ಬಂದ ಹೊಸ ಫೌಜದಾರರು, ಅಂದರೆ ಪೊಲೀಸ ಸಾಹೇಬರು. ಯಾವ ಊರಿನ ಠಾಣೆ ಎಂದು ನಾನು ಹೇಳುವುದಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಕಡೆಯ ಹಳಬರು ಓದಿ, ಇದು ನಮ್ಮ ಊರಿನದೇ ಎಂದು ಜಗಳಾಡಿದರೆ ಆಡಲಿ. ನನಗೇನೂ ಬೇಸರವಿಲ್ಲ.

ಫೌಜದಾರರಿಗೆ ಬೇಟೆಯ ಹುಚ್ಚು. ಬಂದ ವಾರದಲ್ಲೇ ಬಂದೂಕಿನ ಪರವಾನಿಗೆ ಇದ್ದವರನ್ನೆಲ್ಲ ಠಾಣೆಗೆ ಕರೆಸಿ ಮುಖ ನೋಡಿದರು. ಹಂದಿ ಹೊಡೆದಾಗ ಒಂದು ತೊಡೆ ತಮ್ಮ ಮನೆಗೆ ಬರಲಿ ಎಂದು ನಮ್ಮವರಿಗೆ ಹೇಳಿದರಂತೆ. ನಾವು ಹೊಡೆಯುವುದಿಲ್ಲ, ಬರೀ ಸಪ್ಪಳ ಮಾಡುತ್ತೇವೆ ಎಂದರು ನಮ್ಮವರು. ಹಾಗಾದರೆ ರವಿವಾರಕ್ಕೊಮ್ಮೆ ಬಂದೂಕನ್ನೇ ಕಳಿಸು ಎಂದರಂತೆ ಸಾಹೇಬರು. ಪರವಾನಿಗೆ ನನ್ನ ಹೆಸರಿನಲ್ಲಿದೆ, ಇನ್ನೊಬ್ಬರ ಕೈಗೆ ಕೊಟ್ಟರೆ ಗುನ್ಹೆ ಎಂದು ಇದೇ ಠಾಣೆಯಲ್ಲಿ ಹೇಳಿದ್ದಾರೆ ಎಂದು ನಮ್ಮವರು ಕೈಮುಗಿದು ಬಂದರು. ಬಂದವರು ನನ್ನ ಮುಂದೆ, ಕಾಯದೆ ಬಿಡಿಸಿ ಹೇಳಿಬಂದೆ ಎಂದು ಹಿಗ್ಗಿದರು. ಪಾಪ, ಅವರ ಸ್ವಭಾವವೇ ಹಾಗೆ. ಎದುರಿಗಿದ್ದವರೂ ತಮ್ಮಂತೆಯೇ ಕಾಯದೆಗೆ ಅಂಜುವವರು ಎಂದು ತಿಳಿದಿದ್ದರು.

ಶ್ರಾವಣದ ಜಿಟಿಜಿಟಿ ಮಳೆ. ಒಂದು ಸಂಜೆ ನಮ್ಮವರು ಬಂದೂಕು ತೋಯಬಾರದೆಂದು ಕಂಬಳಿಯೊಳಗೆ ಹಿಡಿದುಕೊಂಡು ಹೊಲಕ್ಕೆ ಹೊರಟಿದ್ದರು. ಸೈಕಲ್ ಮೇಲೆ ಬಂದ ಒಬ್ಬ ಪೊಲೀಸ ತಡೆದು, ಹತಿಯಾರು ಮುಚ್ಚಿಕೊಂಡು ತಿರುಗುವುದು ಗುನ್ಹೆ, ಯಾರ ಮನೆ ಒಡೆಯಲು ಹೊರಟಿದ್ದೀರಿ ಎಂದು ಕೇಳಿದ. ಸರಿಯಪ್ಪ ಎಂದು ಮರುದಿನ ಮಳೆಯಲ್ಲಿಯೇ ಹೆಗಲ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಹೋದರು. ಊರ ಅಗಸೆ ಬಾಗಿಲ ಹತ್ತಿರ ಫೌಜದಾರರೇ ಎದುರಾದರು.

“ಬಂದೂಕ ತೋರಿಸಿ ಮಂದಿಗೆ ಅಂಜಸಾಕತ್ತೀ ಏನ?”

ಅಗಸೆಯಲ್ಲಿ ಆಗ ಇದ್ದ ಮಂದಿ ಎಂದರೆ ಒಬ್ಬ ಮುದುಕ ಮತ್ತು ಎರಡು ಎಮ್ಮೆ. ಅವು ಮೂರೂ ಅಂಜಿದಂತೆ ಕಾಣಲಿಲ್ಲ ಎಂದು ನಮ್ಮವರು ಆಮೇಲೆ ಹೇಳುತ್ತಿದ್ದರು. ಬಂದೂಕೂ ಠಾಣೆಗೆ ಹೋಯಿತು, ಪರವಾನಿಗೆಯೂ ಹೋಯಿತು. ಮುಚ್ಚಿದರೂ ಗುನ್ಹೆ, ತೆರೆದರೂ ಗುನ್ಹೆ. ಮನೆಯಿಂದ ಹೊಲಕ್ಕೆ ಅದು ತಾನೇ ನಡೆದುಕೊಂಡು ಹೋಗಬೇಕಿತ್ತೇನೋ.

ನಾವು ಹೇಳುವ ಮೊದಲೇ ಈ ಸುದ್ದಿ ಅಡವಿಯ ಹಂದಿಗಳಿಗೆ ಮುಟ್ಟಿತ್ತು. ಅತ್ತೆ ಮತ್ತು ನಾನು ಸಂಜೆ ಹೊಲಕ್ಕೆ ಹೋಗಿ ಹಿತ್ತಾಳೆ ತಾಟು ಬಡಿದೆವು. ಮೊದಮೊದಲು ಓಡಿದವು, ಆಮೇಲೆ ತಾಟಿನ ಸಪ್ಪಳ ಕೇಳಿದರೆ ಊಟಕ್ಕೆ ಕರೆದರು ಎನ್ನುವಂತೆ ಬರತೊಡಗಿದವು. ಶೇಂಗಾ ಅರ್ಧ ಹೋಯಿತು. ಉಳಿದ ಅರ್ಧವೂ ಹೋದರೆ ವರ್ಷದ ಎಣ್ಣೆಯೂ ಇಲ್ಲ, ಮುಂದಿನ ಬಿತ್ತನೆಯ ಬೀಜವೂ ಇಲ್ಲ. ನಮ್ಮವರು ಠಾಣೆಗೆ ಹೋದಾಗಲೆಲ್ಲ ಸಾಹೇಬರು ಒಮ್ಮೆ ಬಂದೋಬಸ್ತಿಗೆ ಹೋಗಿರುತ್ತಿದ್ದರು, ಒಮ್ಮೆ ಊಟಕ್ಕೆ, ಒಮ್ಮೆ ಕುರ್ಚಿಯಲ್ಲಿ ಕುಳಿತಿದ್ದರೂ ಇರುತ್ತಿರಲಿಲ್ಲ.

ಒಂದು ರವಿವಾರ ಅತ್ತೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಅಡವಿಯ ಕಡೆಯಿಂದ ಒಂದು ಗುಂಡಿನ ಸಪ್ಪಳ ಬಂತು. ಅತ್ತೆ ಮೊರ ಕೆಳಗಿಟ್ಟು ಕಿವಿಗೊಟ್ಟರು.

“ಯವ್ವಾ, ಇದು ನಮ್ಮ ಬಂದೂಕ ಕೆಮ್ಮಿದಂಗ ಆತಲ್ಲ!”

ಎಲ್ಲ ಬಂದೂಕೂ ಒಂದೇ ತರಹ ಸಪ್ಪಳ ಮಾಡುತ್ತವೆ ಎಂದು ನಮ್ಮವರು ನಕ್ಕರು. ಅತ್ತೆ ನಗಲಿಲ್ಲ. ಮನೆಯವರ ಕೆಮ್ಮು ನನಗೆ ಗೊತ್ತಾಗುವುದಿಲ್ಲವೇ ಎಂದರು.

ಮಹಾನವಮಿ ಬಂತು. ಆ ದಿನ ಖಂಡೆ ಪೂಜೆ. ನಮ್ಮಲ್ಲಿ ಕುಡಗೋಲಿನಿಂದ ಈಳಿಗೆಯವರೆಗೆ ಎಲ್ಲಕ್ಕೂ ಪೂಜೆ, ಒಂದನ್ನೂ ಬಿಡುವಂತಿಲ್ಲ. ಠಾಣೆಯಲ್ಲಿಯೂ ಬಂದೂಕುಗಳನ್ನೆಲ್ಲ ಹೊರಗಿಟ್ಟು ಪೂಜಿಸಿ, ಬಂದವರಿಗೆಲ್ಲ ಚುರುಮುರಿ ಹಂಚುತ್ತಿದ್ದರು. ಖಾಲಿ ಗೂಟ ನೋಡಿದೆ. ಹೋಗೋಣ ಎಂದೆ. ಮನೆಯ ಹೆಣ್ಣುಮಕ್ಕಳು ಠಾಣೆಯ ಮೆಟ್ಟಿಲು ಹತ್ತುತ್ತಾರೆಯೇ ಎಂದು ನಮ್ಮವರು ಗಾಬರಿಯಾದರು.

“ನಾ ಠಾಣೇಕ್ಕ ಹೊಂಟಿಲ್ರಿ, ಪೂಜಾಕ್ಕ ಹೊಂಟೇನಿ. ಬಂಡಿ ಹೂಡ್ರಿ.”

ಅತ್ತೆ ಆಗಲೇ ಆರತಿ ತಾಟು ಸಜ್ಜು ಮಾಡಿದ್ದರು.

ಠಾಣೆಯ ಪಡಸಾಲೆಯಲ್ಲಿ ಜಮಖಾನದ ಮೇಲೆ ಬಂದೂಕುಗಳನ್ನು ಸಾಲಾಗಿ ನಿಲ್ಲಿಸಿ ಚೆಂಡುಹೂ ಏರಿಸಿದ್ದರು. ಪೂಜೆ ಮಾಡುತ್ತಿದ್ದವರು ವಯಸ್ಸಾದ ಹವಾಲ್ದಾರರು, ಹಣೆತುಂಬ ವಿಭೂತಿಯ ಮನುಷ್ಯ. ಫೌಜದಾರರು ಕೈಕಟ್ಟಿ ಭಕ್ತಿಯಿಂದ ನಿಂತಿದ್ದರು. ಊರ ದೊಡ್ಡವರೆಲ್ಲ ಕುಳಿತಿದ್ದರು. ನಾನು ಸಾಲಿನ ಆ ತುದಿಯಿಂದ ಈ ತುದಿಯವರೆಗೆ ನೋಡಿದೆ. ನಮ್ಮದು ಇರಲಿಲ್ಲ.

ನಮ್ಮ ಬಂದೂಕಿಗೆ ವಿಭೂತಿ ಹಚ್ಚಲು ಬಂದಿದ್ದೇವೆ, ತೋರಿಸಿರಿ ಎಂದು ಕೇಳಿದೆ. ಅದು ಜಪ್ತಿ ಮಾಡಿದ ಮುದ್ದೆಮಾಲು, ಕೋಣೆಯಲ್ಲಿ ಬೀಗದೊಳಗೆ ಇದೆ ಎಂದರು ಫೌಜದಾರರು. ಅಷ್ಟಕ್ಕೆ ಮುಗಿಯುತ್ತಿತ್ತೋ ಏನೋ, ಹವಾಲ್ದಾರರು ಗಂಟೆ ಬಾರಿಸುವುದನ್ನು ನಿಲ್ಲಿಸಿ ತಿರುಗಿದರು.

“ಬೀಗಾ ತಗದೇವಲ್ರಿ ಸಾಹೇಬ್ರ. ಕೋಣ್ಯಾಗ ಇದ್ದದ್ದೆಲ್ಲಾ ಹೊರಗ ಇಟ್ಟೇವ್ರಿ. ಈಗ ಅಲ್ಲಿ ಇಲಿ ಬಿಟ್ರ ಏನಿಲ್ರಿ.”

ಅವರು ತಿಳಿಯದೆ ಹೇಳಿದರೋ ತಿಳಿದೇ ಹೇಳಿದರೋ, ಆ ಶಿವನಿಗೇ ಗೊತ್ತು. ಕುಳಿತವರೆಲ್ಲ ಫೌಜದಾರರ ಮುಖ ನೋಡಿದರು. ಅತ್ತೆ ಮಾತ್ರ, ಇವತ್ತಿನ ದಿನ ಪೂಜೆ ತಪ್ಪಿಸಿದ ಆಯುಧ ಮುನಿದುಕೊಳ್ಳುತ್ತದೆ, ಇಟ್ಟುಕೊಂಡವರ ಮನೆಯನ್ನೇ ಕಾಡುತ್ತದೆ ಎಂದು ಯಾರಿಗೂ ಅಲ್ಲದಂತೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು. ಕುಳಿತಿದ್ದ ದೊಡ್ಡವರು ತಲೆದೂಗಿದರು. ಫೌಜದಾರರು ಒಬ್ಬ ಪೊಲೀಸನ ಕಿವಿಯಲ್ಲಿ ಏನೋ ಹೇಳಿದರು. ಅವನು ಹಿಂದಿನ ಬಿಡಾರಕ್ಕೆ, ಅಂದರೆ ಸಾಹೇಬರ ಮನೆಗೆ ಓಡಿದ. ಹಿಂದೆ ನಮ್ಮವರನ್ನು ಮಳೆಯಲ್ಲಿ ತಡೆದವನೂ ಇವನೇ. ಸ್ವಲ್ಪ ಹೊತ್ತಿಗೆ ತಿರುಗಿ ಬಂದ. ಮಳೆ ಇರಲಿಲ್ಲ, ಒಳ್ಳೆಯ ಬಿಸಿಲಿತ್ತು. ಆದರೂ ಮೈತುಂಬ ಕಂಬಳಿ ಹೊದ್ದಿದ್ದ. ಕಂಬಳಿಯ ಕೆಳಗೆ ನಮ್ಮ ಬಂದೂಕಿನ ಮೂತಿ ಇಣುಕುತ್ತಿತ್ತು.

ನನಗೆ ತಡೆಯಲಾಗಲಿಲ್ಲ.

“ಸಾಹೇಬ್ರ, ಮುಚ್ಚಿಕೊಂಡು ತರೂದು ಗುನ್ಹೆ ಅಲ್ಲೇನ್ರಿ?”

ಮೊದಲು ಹವಾಲ್ದಾರರು ಗೋಡೆಯ ಕಡೆ ತಿರುಗಿ ಕೆಮ್ಮಿದರು. ಆಮೇಲೆ ಉಳಿದವರೆಲ್ಲ ಕೆಮ್ಮಿದರು. ಎಣ್ಣೆ ಹಾಕಲು ಒಯ್ದಿದ್ದೆವು ಎಂದು ಫೌಜದಾರರು ಹೇಳಿದರು. ವಿಭೂತಿ ಹಚ್ಚಲು ಬಗ್ಗಿದ ಅತ್ತೆ ಮೂಗು ಮುಚ್ಚಿಕೊಂಡರು. ಅದು ಎಣ್ಣೆಯಲ್ಲ, ಹಂದಿಯ ಕೊಬ್ಬು. ತಿನ್ನುವವರು ತಿನ್ನಲಿ, ಅವರವರ ಊಟ ಅವರವರಿಗೆ. ಆದರೆ ನಮ್ಮ ಮನೆಯ ಬಂದೂಕಿಗೆ ತಿನ್ನಿಸಿ ನಮಗೇ ಗುನ್ಹೆ ಕಟ್ಟುವುದು ಯಾವ ಕಾಯದೆ?

ಹಬ್ಬದ ದಿನ, ಒಯ್ಯಿರಿ ಎಂದು ಸಾಹೇಬರು ಪರವಾನಿಗೆಯನ್ನೂ ತರಿಸಿ ಕೊಟ್ಟರು. ನಮ್ಮವರು ಬಂದೂಕು ಕೈಯಲ್ಲಿ ಹಿಡಿದು ಅಲ್ಲಿಯೇ ನಿಂತರು. ಅವರಿಗೆ ಕುಹಕ ಬರುವುದಿಲ್ಲ, ನಿಜವಾಗಿಯೂ ಕೇಳಿದರು.

“ಮುಚ್ಚಿಕೊಂಡು ಒಯ್ಲ್ಯೋ, ತೆರಕೊಂಡು ಒಯ್ಲ್ಯೋ, ಸಾಹೇಬ್ರ?”

“ಹೆಂಗರೆ ಒಯ್ಯೋ ಮಾರಾಯಾ, ಮೊದಲ ಒಯ್ಯಿ.”

ಸಾಹೇಬರ ಬಾಯಿಂದ ನಾನು ಕೇಳಿದ ಸರಿಯಾದ ಕಾಯದೆ ಅದೊಂದೇ.

ಅತ್ತೆ ಬಂದೂಕನ್ನು ಹೊಸ್ತಿಲು ದಾಟಿಸಲಿಲ್ಲ. ಬೂದಿ, ಹುಣಸೆಹಣ್ಣು ಹಚ್ಚಿ ಅಂಗಳದಲ್ಲಿ ತಿಕ್ಕಿದೆವು. ಮಠದ ಅಯ್ಯನವರು ಬಂದು ನೀರು ಚಿಮುಕಿಸಿದರು. ಆದರೂ ಅದು ದೀಪಾವಳಿಯವರೆಗೆ ದನದ ಕೊಟ್ಟಿಗೆಯಲ್ಲಿಯೇ ತೂಗಿತು. ಕೆಲಸಕ್ಕೆ ಮಾತ್ರ ಮರುದಿನವೇ ಹೋಯಿತು. ಅರ್ಧ ಶೇಂಗಾ ನೆಲದೊಳಗೆ ಇನ್ನೂ ಉಳಿದಿತ್ತಲ್ಲ, ದೇವರು ಅಷ್ಟಾದರೂ ನಮಗಾಗಿ ತೆಗೆದಿಟ್ಟಿದ್ದ.

ಅದೇ ಮರುದಿನ ಬನ್ನಿ ಹಂಚಿ ಬಂದು ಮುಸ್ಸಂಜೆಯಲ್ಲಿ ಅತ್ತೆ, ನಾನು ಅಂಗಳದಲ್ಲಿ ಕುಳಿತಿದ್ದೆವು. ಹೊಲದ ಕಡೆಯಿಂದ ಗುಂಡಿನ ಸಪ್ಪಳ ಬಂತು. ಅತ್ತೆ ಕೈಯಲ್ಲಿದ್ದ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕೇಳಿದರು. ಇನ್ನೊಮ್ಮೆ ಬಂತು.

“ಗಂಟಲ ಇನ್ನೂ ಪೂರಾ ಸ್ವಚ್ಛ ಆಗಿಲ್ಲ,” ಎಂದರು ಅತ್ತೆ. “ಆದ್ರೂ ಆವತ್ತಿನಕಿಂತ ಪಾಡ ಐತಿ.”

ಮತ್ತೆ ಬತ್ತಿ ಹೊಸೆಯತೊಡಗಿದರು.